ಪೆಟ್ಟಾದರೆ ಮೊದಲು ಬರೆದು ಕೊಡು

ನಿನ್ನ ಪಟ್ಟಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊರಡಲು ಇನ್ನು ಮೂರು ವಾರ, ಪ್ರಶ್ನೆಗಳು ಹನ್ನೊಂದು. ಬಾಡಿಗೆ, ಡ್ರೈವಿಂಗ್ ಲೈಸೆನ್ಸ್, ಕುಕ್ಕರ್ ಹೊತ್ತುಕೊಂಡು ಹೋಗಬೇಕಾ ಬೇಡವಾ, ಇವನ್ನೆಲ್ಲ ಕಾಫಿ ಕುಡಿಯುತ್ತಾ ಮಾತಾಡೋಣ. ಹೇಗೂ ಈ ತಿಂಗಳು ಪೂರ್ತಿ ರಾಜಾಜಿನಗರದಲ್ಲಿ ಅಮ್ಮನ ಮನೆಯಲ್ಲೇ ಇರುತ್ತೇನೆ. ಕೊನೆಯದಕ್ಕೆ ಮಾತ್ರ ಬರೆದೇ ಉತ್ತರ ಕೊಡುತ್ತೇನೆ. "ಅಂಕಲ್, ಅಲ್ಲಿ ಕೆಲಸದ ಜಾಗದಲ್ಲಿ ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ? ಅಪ್ಪ ಕೇಳು ಅಂದರು" ಎಂದು ಬರೆದಿದ್ದೀಯಲ್ಲ, ಅದಕ್ಕೆ.

ನಿಮ್ಮಪ್ಪ ಇದನ್ನು ಸುಮ್ನೆ ಕೇಳಿಸಿಲ್ಲ. ಪೀಣ್ಯದಲ್ಲಿ ಅವರ ಬೆರಳು ಪ್ರೆಸ್ ಮೆಷಿನ್‌ಗೆ ಸಿಕ್ಕಿದಾಗ ನೀನಿನ್ನೂ ಎಲ್‌ಕೆಜಿ. ಇಎಸ್‌ಐ ಎಂಬ ಕಾರ್ಮಿಕರ ಸರ್ಕಾರಿ ವಿಮೆ ಇದ್ದದ್ದರಿಂದ ಚಿಕಿತ್ಸೆಯೂ ಆಯಿತು, ಮನೆಯಲ್ಲಿ ಕೂತ ದಿನಗಳಿಗೆ ದುಡ್ಡೂ ಬಂತು. ನಿನಗೆ ಅದರ ಪರಿಚಯವೇ ಇಲ್ಲ. ತಿಂಗಳಿಗೆ 21,000 ರೂಪಾಯಿಗಿಂತ ಜಾಸ್ತಿ ಸಂಬಳಕ್ಕೆ ಸೇರಿದವರು ಇಎಸ್‌ಐ ಒಳಗೆ ಬರುವುದಿಲ್ಲ. ನೀನು ಕಂಡಿರುವುದು ಕಂಪನಿ ಕೊಟ್ಟ ಮೆಡಿಕಲ್ ಇನ್ಶೂರೆನ್ಸ್ ಕಾರ್ಡ್ ಒಂದೇ.

ಅಲ್ಲೂ ಅಂಥದೇ ಒಂದು ಕಾರ್ಡ್ ಕೊಡುತ್ತಾರೆ. ಎಡವಟ್ಟು ಶುರುವಾಗುವುದೇ ಇಲ್ಲಿ. ಆ ಕಾರ್ಡ್ ಜ್ವರಕ್ಕೆ, ಹೆರಿಗೆಗೆ. ಕೆಲಸದಿಂದ ಆದ ಪೆಟ್ಟಿಗೆ ಇರುವುದು ಬೇರೆಯೇ ಇನ್ಶೂರೆನ್ಸ್: ವರ್ಕರ್ಸ್ ಕಾಂಪೆನ್ಸೇಷನ್. ಎಲ್ಲರೂ ವರ್ಕರ್ಸ್ ಕಾಂಪ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬನೇ ಕೆಲಸಗಾರ ಇದ್ದರೂ ಮಾಲೀಕ ಇದನ್ನು ಮಾಡಿಸಿರಬೇಕು. ಅದಕ್ಕಾಗಿ ನಿನ್ನ ಸಂಬಳದಲ್ಲಿ ಹಿಡಿಯುವಂತಿಲ್ಲ. ತಪ್ಪು ನಿನ್ನದಾ ಅವರದಾ ಎಂದು ಸಾಮಾನ್ಯವಾಗಿ ನೋಡುವುದಿಲ್ಲ. ಹಾಗೆಯೇ, ಪೆಟ್ಟಾಯಿತು ಎಂದು ಕಂಪನಿಯನ್ನು ಕೋರ್ಟಿಗೆ ಎಳೆಯುವ ದಾರಿಯೂ ಬಹುಮಟ್ಟಿಗೆ ಮುಚ್ಚಿರುತ್ತದೆ.

ಇದೊಂದೂ ಗೊತ್ತಿಲ್ಲದೆ ನಾನು ಕೆಟ್ಟೆ. 2009ರಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಸರ್ವರ್ ಎತ್ತಿ ರ‍್ಯಾಕ್‌ಗೆ ಇಡುವಾಗ ಸೊಂಟ ಹಿಡಿದುಕೊಂಡಿತು. ಮ್ಯಾನೇಜರ್ ನಮ್ಮ ಕಡೆಯವನೇ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಸದ್ಯಕ್ಕೆ ನಿಮ್ಮ ಕಾರ್ಡಿನಲ್ಲೇ ತೋರಿಸಿಬಿಡಿ" ಎಂದ. ಕನ್ನಡದಲ್ಲಿ ಹೇಳಿದನಲ್ಲ, ಕರಗಿಹೋದೆ. ವಾರದ ಮೇಲೆ ಇನ್ಶೂರೆನ್ಸಿನವರಿಂದ ಕಾಗದ ಬಂತು: ಇದು ಕೆಲಸದಲ್ಲಿ ಆದದ್ದಾ? ಮನೆಯಲ್ಲಿ ಆಯಿತು ಎಂದು ಬರೆದು ಸಹಿ ಹಾಕಿ ಕಳಿಸಿದೆ. ಎರಡು ತಿಂಗಳಿಗೆ ನೋವು ಕಾಲಿಗೆ ಇಳಿಯಿತು, ಅರ್ಧ ಗಂಟೆ ಕೂರಲು ಆಗುತ್ತಿರಲಿಲ್ಲ. ಆಗ ಕಂಪನಿಗೆ ಹೋಗಿ ಕೇಳಿದರೆ, ನಮ್ಮಲ್ಲಿ ದಾಖಲೆಯೇ ಇಲ್ಲ, ನೀವೇ ಮನೆಯಲ್ಲಿ ಅಂತ ಬರೆದಿದ್ದೀರಲ್ಲ ಎಂದರು. ಫಿಸಿಯೋಥೆರಪಿಗೆ ನನ್ನ ಜೇಬಿನಿಂದಲೇ ಹೋಯಿತು. ಮೆಜೆಸ್ಟಿಕ್ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನನ್ನು ಕೂರಿಸಿಕೊಳ್ಳಲು ಅಡ್ಜಸ್ಟ್ ಮಾಡಿಕೋ. ಇದರಲ್ಲಿ ಬೇಡ.

ಹಾಗಾಗಿ ಪೆಟ್ಟಾದ ದಿನವೇ ಮೇಲಿನವರಿಗೆ ಇಮೇಲ್ ಹಾಕು. ಬಾಯಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಸಿಗುವುದು ಕಷ್ಟ. ತಿಳಿಸಲು ಕಾನೂನು 30 ದಿನ ಕೊಡುತ್ತದೆ, ಆದರೆ ತಡ ಮಾಡಿದಷ್ಟೂ ಅನುಮಾನ ಬೆಳೆಯುತ್ತದೆ. ವಿಷಯ ತಿಳಿದ ಒಂದು ಕೆಲಸದ ದಿನದೊಳಗೆ ಅವರು ಡಿಡಬ್ಲ್ಯುಸಿ-1 ಎನ್ನುವ ಕ್ಲೇಮ್ ಫಾರಂ ಕೊಡಬೇಕು. ಕೊಡದಿದ್ದರೆ ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನು ತುಂಬಿ ಕೊಟ್ಟ ಮೇಲೆ, ನಿರ್ಧಾರ ಆಗುವವರೆಗೂ 10,000 ಡಾಲರ್‌ವರೆಗಿನ ಚಿಕಿತ್ಸೆಗೆ ಅವರು ಒಪ್ಪಬೇಕು. 90 ದಿನದಲ್ಲಿ ಇಲ್ಲ ಎನ್ನದಿದ್ದರೆ ಪೆಟ್ಟು ಕೆಲಸದಿಂದಲೇ ಆದದ್ದು ಎಂದು ಲೆಕ್ಕ. ಡಾಕ್ಟರ ಹತ್ತಿರವೂ ಮೊದಲ ಮಾತಿಗೇ ಹೇಳು, ಕೆಲಸದಲ್ಲಿ ಆಯಿತು ಅಂತ. ಅವರು ಅಂದು ಬರೆದುಕೊಂಡಿದ್ದೇ ಮುಂದೆ ಸಾಕ್ಷಿ.

ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಮೂರರಲ್ಲಿ ಎರಡು ಪಾಲು ಬರುತ್ತದೆ, ಟ್ಯಾಕ್ಸ್ ಇಲ್ಲ. ಆದರೆ ವಾರಕ್ಕೆ ಇಷ್ಟೇ ಎಂಬ ಮಿತಿ ಇದೆ. ದೊಡ್ಡ ಸಂಬಳದವರಿಗೆ ಆ ಮಿತಿ ಚೆನ್ನಾಗಿಯೇ ತಟ್ಟುತ್ತದೆ. ಸಾಮಾನ್ಯವಾಗಿ 104 ವಾರದವರೆಗೆ ಕೊಡುತ್ತಾರೆ.

ನೀನು ಚಿಪ್ ಕಾರ್ಖಾನೆಯ ಮೆಷಿನ್ ರಿಪೇರಿಗೆ ಹೋಗುವವನು, ಪೆಟ್ಟು ಅಂದರೆ ಏನು ಅಂತ ಹೇಳಬೇಕಿಲ್ಲ. ನಿನ್ನ ಹೆಂಡತಿಗೆ ಹೇಳು. ಮುಂದೆ ಅವಳಿಗೂ ವರ್ಕ್ ಪರ್ಮಿಟ್ ಸಿಕ್ಕಿ ಕಂಪ್ಯೂಟರ್ ಮುಂದೆ ಕೂತರೆ, ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿ ಮಣಿಕಟ್ಟು ಹೋದರೂ ಅದು ಕೆಲಸದ ಪೆಟ್ಟೇ. ಒಂದೇ ದಿನ ಆಗಿರಬೇಕು ಎಂದೇನಿಲ್ಲ. ಒಂದು ವಿಷಯದಲ್ಲಿ ಮಾತ್ರ ನಮ್ಮ ಇಎಸ್‌ಐ ವಾಸಿ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ 2010ರಿಂದ ಅದು ಸೇರಿಸಿಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಅದು ಸೇರುವುದಿಲ್ಲ.

ವೀಸಾ ಭಯ ನಿನಗೂ ಇರುತ್ತದೆ, ನನಗೂ ಇತ್ತು. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ವೀಸಾ ಯಾವುದಿದ್ದರೂ, ಕಾಗದವೇ ಇಲ್ಲದಿದ್ದರೂ ಈ ಹಕ್ಕು ಇದೆ. ಆದರೆ ಬೇರೆ ನೆಪ ಹುಡುಕುವವರೇ ಇಲ್ಲ ಎಂದು ಸುಳ್ಳು ಹೇಳಲಾರೆ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಕೆಲಸ ಹೋದರೆ, ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಹಾಗಂತ ಪೆಟ್ಟು ಮುಚ್ಚಿಟ್ಟರೆ ಕೆಲಸ ಉಳಿಯುತ್ತದೆಯಾ? ನನ್ನದೇನೂ ಉಳಿಯಲಿಲ್ಲ.

ಇನ್ನೊಂದು ಮಾತು ಬಾಯಲ್ಲಿ ಹೇಳಲು ಕಷ್ಟ, ಬರೆದರೆ ಸುಲಭ. ಕೆಲಸದಿಂದಲೇ ಜೀವ ಹೋದರೆ ಮನೆಯವರಿಗೆ ಏನು? ಪೂರ್ತಿ ಸತ್ತವನ ದುಡಿಮೆಯನ್ನೇ ನಂಬಿದವರು ಒಬ್ಬರಿದ್ದರೆ 2,50,000 ಡಾಲರ್, ಇಬ್ಬರಿದ್ದರೆ 2,90,000, ಮೂವರು ಅಥವಾ ಹೆಚ್ಚಿದ್ದರೆ 3,20,000. ಹಿಂದಿನ 12 ತಿಂಗಳಲ್ಲಿ ಹೆಂಡತಿಯ ದುಡಿಮೆ 30,000 ಡಾಲರ್ ಒಳಗಿದ್ದರೆ ಅವಳು ಪೂರ್ತಿ ಅವಲಂಬಿತಳು ಎಂದೇ ಲೆಕ್ಕ. ಅಂತ್ಯಕ್ರಿಯೆಗೆ 10,000 ಡಾಲರ್‌ವರೆಗೆ ಬೇರೆ. ದುಡ್ಡು ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಚಿಕ್ಕ ಮಕ್ಕಳಿದ್ದರೆ ಕೊನೆಯ ಮಗುವಿಗೆ 18 ತುಂಬುವವರೆಗೂ ಕೊಡುತ್ತಾರೆ. ಅವಳ ವೀಸಾ ನಿನ್ನದಕ್ಕೆ ಅಂಟಿಕೊಂಡಿರುವ ಕಷ್ಟ ಬೇರೆಯದು, ಅದನ್ನು ಈ ದುಡ್ಡು ಬಿಡಿಸುವುದಿಲ್ಲ. ಈ ಪ್ಯಾರಾ ಅವಳೂ ಓದಲಿ.

ಇಷ್ಟೂ ಕ್ಯಾಲಿಫೋರ್ನಿಯಾದ ಮಾತು. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಟೆಕ್ಸಾಸ್‌ನಲ್ಲಿ ಖಾಸಗಿ ಕಂಪನಿಗೆ ಈ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ. ಕಂಪನಿ ಅಲ್ಲಿಗೆ ವರ್ಗ ಮಾಡಿದರೆ ಒಪ್ಪುವ ಮೊದಲೇ ಕೇಳಿಕೋ. ಕ್ಲೇಮ್ ತಿರಸ್ಕರಿಸಿದರೆ ವಕೀಲರಿಗೆ ಮೊದಲೇ ದುಡ್ಡು ಕಟ್ಟಬೇಕಿಲ್ಲ, ಸಿಕ್ಕಿದ್ದರಲ್ಲಿ ಅವರ ಪಾಲನ್ನು ಜಡ್ಜ್ ಒಪ್ಪಿ ಕೊಡಿಸುತ್ತಾರೆ. ಅದಕ್ಕೂ ಮೊದಲು ರಾಜ್ಯದ ವರ್ಕರ್ಸ್ ಕಾಂಪ್ ಕಚೇರಿಯಲ್ಲಿ ಮಾಹಿತಿ ಅಧಿಕಾರಿ ಇರುತ್ತಾರೆ, ಪುಕ್ಕಟೆ ಹೇಳಿಕೊಡುತ್ತಾರೆ.

ಮರೆತಿದ್ದೆ. ಆ ಇಮೇಲಿನ ಒಂದು ಪ್ರತಿ, ಫಾರಮ್ಮಿನ ಒಂದು ಫೋಟೋ ನಿನ್ನ ಸ್ವಂತ ಫೋನಿನಲ್ಲಿ ಇರಲಿ. ಕೆಲಸ ಬಿಟ್ಟ ದಿನ ಕಂಪನಿ ಲ್ಯಾಪ್‌ಟಾಪ್ ವಾಪಸ್ ಹೋಗುತ್ತದೆ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳು. ಭಾನುವಾರ ಬರುತ್ತೇನೆ, ಕುಕ್ಕರ್ ವಿಷಯ ಅಂದು ನೋಡೋಣ.