ಬಿಸಿಲಿದ್ದರೂ ಮಗುವಿಗೆ ನೀರು ಬೇಡ

ಅಕ್ಕಾ, ಆರು ವಾರದ ಮಗು ಸಂಜೆಯಾದರೆ ಮೊಲೆ ಬಿಡಲ್ಲ, ಹಾಲು ಸಾಲ್ತಿಲ್ಲವೇನೋ, ರಾಯಚೂರಿನ ಈ ಬಿಸಿಲಿಗೆ ನೀರು ಕುಡಿಸು ಅಂತ ಅತ್ತೆ ಹೇಳ್ತಾರೆ ಅಂತ ಕೇಳಿದ್ದೀರಿ.

ದಯವಿಟ್ಟು ನೀರು ಕೊಡಬೇಡಿ. ತಾಯಿಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. 6 ತಿಂಗಳವರೆಗೆ ಎಂಥಾ ಸೆಕೆಗೂ ಅದೇ ಸಾಕು. ನೀರಿನಿಂದ ಹೊಟ್ಟೆ ತುಂಬಿದರೆ ಮಗು ಹಾಲು ಕಡಿಮೆ ಕುಡಿಯುತ್ತದೆ. ಮಗು ಕಡಿಮೆ ಕುಡಿದಷ್ಟೂ ಹಾಲು ಕಡಿಮೆ ತಯಾರಾಗುತ್ತದೆ. ಡಬ್ಬಿ ಹಾಲು ಸುಮ್ನೆ ಶುರು ಮಾಡಿದರೂ ಇದೇ ಕಥೆ.

ಈ ವಯಸ್ಸಿನಲ್ಲಿ ಸಂಜೆ ಹೊತ್ತು ಮತ್ತೆ ಮತ್ತೆ ಕೇಳುವುದು ಸಹಜ. ಹಾಗೆ ಚೀಪಿಯೇ ಮಗು ನಾಳೆಯ ಹಾಲನ್ನು ಹೆಚ್ಚಿಸಿಕೊಳ್ಳುತ್ತದೆ. ಗಡಿಯಾರ ನೋಡಬೇಡಿ. ಕೈ ಬಾಯಿಗೆ ಹಾಕಿದರೆ, ತಲೆ ಆಚೀಚೆ ತಿರುಗಿಸಿ ಹುಡುಕಿದರೆ, ಅಳುವ ಮೊದಲೇ ಎತ್ತಿಕೊಳ್ಳಿ. ದಿನಕ್ಕೆ 8ರಿಂದ 12 ಸಲ ಆಗುತ್ತದೆ, ಜಾಸ್ತಿ ಆದರೂ ಪರವಾಗಿಲ್ಲ. ರಾತ್ರಿ ಕುಡಿಸುವುದನ್ನು ಬಿಡಬೇಡಿ, ಹಾಲು ಹೆಚ್ಚಿಸುವ ಹಾರ್ಮೋನು ಆಗಲೇ ಜಾಸ್ತಿ. ಮೊಲೆತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗಬೇಕು. ನೋವಾದರೆ ಬಿಡಿಸಿ ಮತ್ತೆ ಹಿಡಿಸಿ.

ಮೊಲೆ ಮೆತ್ತಗಾಯಿತು ಅಂತ ಹೆದರಬೇಡಿ, ಈ ಹೊತ್ತಿಗೆ ಆಗುವುದೇ ಹಾಗೆ. ಉಚ್ಚೆ ಲೆಕ್ಕ ಹಾಕಿ: ದಿನಕ್ಕೆ 6 ಸಲಕ್ಕಿಂತ ಹೆಚ್ಚು, ತಿಳಿ ಬಣ್ಣದ್ದು ಆದರೆ ಹಾಲು ಸಾಲುತ್ತಿದೆ. ಅಂಗನವಾಡಿಯಲ್ಲಿ ತೂಕ ಹಾಕಿಸಿ ಅತ್ತೆಗೂ ತೋರಿಸಿ.

ನೀರು ಬೇಕಾಗಿರುವುದು ನಿಮಗೆ. ಪ್ರತಿ ಸಲ ಕುಡಿಸಲು ಕೂತಾಗ ಒಂದು ಚೊಂಬು ಪಕ್ಕದಲ್ಲಿರಲಿ. ಮಜ್ಜಿಗೆ, ರೊಟ್ಟಿ, ಬೇಳೆ, ಸೊಪ್ಪು ಹೊಟ್ಟೆ ತುಂಬ ತಿನ್ನಿ.

ಉಚ್ಚೆ ಕಡಿಮೆಯಾದರೆ, ತೂಕ ಏರದಿದ್ದರೆ, ಮಗು ಮಂಕಾಗಿ ಕುಡಿಯಲು ಏಳದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.