ಥಂಡರ್‌ಬರ್ಡ್‌ನಲ್ಲಿ ತಾರೀಖು ತಿಂಗಳಿಂದ ಶುರುವಾಗುತ್ತಿದೆ, ಬದಲಾಯಿಸುವುದು ಹೇಗೆ?

ನೀವು ಮೂರು ವಿಷಯ ಕೇಳಿದ್ದೀರಿ. ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಮಾರ್ಚ್ 4 ಅನ್ನುವುದು 3/4/2025 ಎಂದು ಬರುತ್ತಿದೆ, ನಿಮಗೆ ಅದು 2025-03-04 ಎಂದು ಕಾಣಬೇಕು. ಇವತ್ತು ಬಂದ ಮೇಲ್‌ಗಳ ಎದುರು ಬರೀ ಗಂಟೆ ಕಾಣುತ್ತಿದೆ, ಅಲ್ಲೂ ತಾರೀಖು ಬೇಕು. ಇದನ್ನೆಲ್ಲ ಬದಲಾಯಿಸಿದರೆ ಆ ಕಡೆ ಮೇಲ್ ಓದುವವರಿಗೂ ಹಾಗೇ ಕಾಣುತ್ತದಾ ಅನ್ನುವುದು ಮೂರನೆಯದು.

ಮೊದಲೆರಡಕ್ಕೂ ಸೆಟ್ಟಿಂಗ್ ಬೇರೆ ಬೇರೆ ಕಡೆ ಇದೆ. ಎರಡೂ ಒಂದೇ ಜಾಗದಲ್ಲಿ ಇರಬೇಕು ಅಂದುಕೊಂಡು ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದೇನೆ. ನಿಮಗೆ ಆ ಕಷ್ಟ ಬೇಡ.

ಕೈ ಹಾಕುವ ಮುಂಚೆ ಒಂದು ಮೇಲ್ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ ನೋಡಿ. ಮೇಲ್‌ನ ಮೂಲ ರೂಪ ತೆರೆದುಕೊಳ್ಳುತ್ತದೆ. ಅಲ್ಲಿ ಡೇಟ್ ಎಂದು ಶುರುವಾಗುವ ಒಂದು ಸಾಲಿರುತ್ತದೆ. ವಾರದ ಹೆಸರು, ದಿನ, ಇಂಗ್ಲಿಷ್‌ನಲ್ಲಿ ಮೂರಕ್ಷರದ ತಿಂಗಳು, ವರ್ಷ, ಗಂಟೆ, ಕೊನೆಗೆ +0900 ಥರದ ಒಂದು ಅಂಕಿ. ಯಾರು ಯಾವ ದೇಶದಿಂದ ಕಳಿಸಿದರೂ ಈ ಸಾಲು ಇದೇ ಅಚ್ಚಿನಲ್ಲಿ ಇರುತ್ತದೆ. ಮೇಲ್‌ನ ನಿಯಮವೇ ಹಾಗೆ. ನಿಮ್ಮ ಪರದೆಯ ಮೇಲೆ ಕಾಣುವ 3/4/2025 ಮೇಲ್ ಒಳಗೆ ಎಲ್ಲೂ ಇಲ್ಲ. ಅದು ಥಂಡರ್‌ಬರ್ಡ್ ಆ ಸಾಲನ್ನು ಓದಿಕೊಂಡು ನಿಮಗೆ ಹೇಳುತ್ತಿರುವ ರೀತಿ ಅಷ್ಟೆ. ಹಾಗಾಗಿ ಧೈರ್ಯವಾಗಿ ಬದಲಾಯಿಸಿ, ಯಾವ ಮೇಲೂ ಕೆಡುವುದಿಲ್ಲ. ಪಟ್ಟಿಯ ಕ್ರಮವೂ ಏರುಪೇರಾಗುವುದಿಲ್ಲ. ಜೋಡಿಸುವುದು ಒಳಗಿನ ಸಮಯದ ಮೇಲೆ, ಕಾಣುವ ಅಕ್ಷರಗಳ ಮೇಲಲ್ಲ.

ಈಗ ಮೊದಲನೆಯದು. ಸೆಟ್ಟಿಂಗ್ಸ್ ತೆರೆಯಿರಿ, ಜನರಲ್ ಪುಟದಲ್ಲಿ ಕೆಳಗೆ ಬನ್ನಿ. ಡೇಟ್ ಅಂಡ್ ಟೈಮ್ ಫಾರ್ಮ್ಯಾಟಿಂಗ್ ಎಂಬ ತಲೆಬರಹ ಸಿಗುತ್ತದೆ. ಆವೃತ್ತಿ ಬದಲಾದಂತೆ ಜಾಗ ಆಚೀಚೆ ಆಗಿರುತ್ತದೆ, ಕಾಣದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಡೇಟ್ ಎಂದು ಟೈಪ್ ಮಾಡಿ. ಅಲ್ಲಿ ಎರಡು ಆಯ್ಕೆ. ಒಂದು, ಥಂಡರ್‌ಬರ್ಡ್‌ನ ಭಾಷೆಗೆ ತಕ್ಕಂತೆ ತೋರಿಸು. ಇನ್ನೊಂದು, ಕಂಪ್ಯೂಟರ್‌ನ ರೀಜನಲ್ ಸೆಟ್ಟಿಂಗ್ಸ್‌ಗೆ ತಕ್ಕಂತೆ ತೋರಿಸು. ನಿಮ್ಮದು ಅಮೆರಿಕನ್ ಇಂಗ್ಲಿಷ್ ಆವೃತ್ತಿ ಇರಬೇಕು, ಆಯ್ಕೆ ಮೊದಲನೆಯದರ ಮೇಲಿದೆ. ಅಮೆರಿಕದಲ್ಲಿ ತಿಂಗಳು ಮುಂದೆ, ದಿನ ಆಮೇಲೆ. ಎರಡನೆಯದನ್ನು ಆರಿಸಿ, ಥಂಡರ್‌ಬರ್ಡ್ ಮುಚ್ಚಿ ಮತ್ತೆ ತೆರೆಯಿರಿ.

ಕಂಪ್ಯೂಟರ್‌ನಲ್ಲೇ ನಿಮಗೆ ಬೇಕಾದ ರೂಪ ಮೊದಲೇ ಇದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಇಲ್ಲವಾದರೆ ಅಲ್ಲಿ ಬದಲಾಯಿಸಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ರೀಜನ್ ತೆರೆದರೆ ಶಾರ್ಟ್ ಡೇಟ್ ಎಂಬ ಸಾಲು ಇದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಲ್ಯಾಂಗ್ವೇಜ್ ಅಂಡ್ ರೀಜನ್. ಲಿನಕ್ಸ್‌ನಲ್ಲಿ ಎಲ್‌ಸಿ ಅಂಡರ್‌ಸ್ಕೋರ್ ಟೈಮ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಮ್‌ಗಳು ಶುರುವಾಗುವಾಗ ಓದಿಕೊಳ್ಳುವ ಒಂದು ಸೆಟ್ಟಿಂಗ್, ಇದನ್ನು ನೋಡಿಕೊಳ್ಳುತ್ತದೆ. ಅದಕ್ಕೆ ಸ್ವೀಡನ್‌ನ ಲೊಕೇಲ್, ಅಂದರೆ ಆ ದೇಶದ ಭಾಷೆ ಮತ್ತು ತಾರೀಖಿನ ರೂಪಗಳ ಕಟ್ಟು, ಕೊಟ್ಟು ಥಂಡರ್‌ಬರ್ಡ್ ಶುರು ಮಾಡುವವರೂ ಇದ್ದಾರೆ. ಸ್ವೀಡನ್‌ನಲ್ಲಿ ಮಾಮೂಲಿಯಾಗಿಯೇ ವರ್ಷ, ತಿಂಗಳು, ದಿನ ಎಂದು ಬರೆಯುತ್ತಾರೆ. ಆದರೆ ಆ ಲೊಕೇಲ್ ನಿಮ್ಮ ಯಂತ್ರದಲ್ಲಿ ಇರಬೇಕು. ಉದ್ದನೆಯ ರೂಪ ಆರಿಸಿದರೆ ತಿಂಗಳ ಹೆಸರೂ ಸ್ವೀಡಿಷ್‌ನಲ್ಲಿ ಬಂದು ನಗು ತರಿಸೀತು.

ಇಲ್ಲಿ ಸ್ವಲ್ಪ ನಿಲ್ಲಿ. ಕಂಪ್ಯೂಟರ್‌ನ ರೂಪ ಬದಲಾಯಿಸಿದರೆ ಮೇಲ್ ಮಾತ್ರ ಬದಲಾಗುವುದಿಲ್ಲ. ಫೈಲ್‌ಗಳ ತಾರೀಖು, ಮೂಲೆಯ ಗಡಿಯಾರ, ಎಲ್ಲ ಬದಲಾಗುತ್ತವೆ. ಅವು ಪರವಾಗಿಲ್ಲ. ಎಕ್ಸೆಲ್ ಮಾತ್ರ ಹುಷಾರು. ನೀವು 3/4 ಎಂದು ಟೈಪ್ ಮಾಡಿದ್ದನ್ನು ಅದು ಏಪ್ರಿಲ್ 3 ಅಂದುಕೊಳ್ಳಬೇಕೋ ಮಾರ್ಚ್ 4 ಅಂದುಕೊಳ್ಳಬೇಕೋ ಎಂದು ತೀರ್ಮಾನಿಸುವುದೂ ಇದೇ ಸೆಟ್ಟಿಂಗ್ ನೋಡಿ. ದಿನವಿಡೀ ಎಕ್ಸೆಲ್‌ನಲ್ಲಿ ಕೆಲಸ ಮಾಡುವವರು ನೀವಾಗಿದ್ದರೆ ಕಂಪ್ಯೂಟರ್‌ನದ್ದನ್ನು ಮುಟ್ಟಬೇಡಿ. ಥಂಡರ್‌ಬರ್ಡ್ ಒಂದನ್ನೇ ಬದಲಾಯಿಸುವ ದಾರಿಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಇವತ್ತಿನ ಮೇಲ್‌ಗೆ ಗಂಟೆ ಮಾತ್ರ ಬರುವುದು ದೋಷವಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ, ಇವತ್ತು ಎಷ್ಟು ತಾರೀಖು ಅಂತ ನಿಮಗೆ ಗೊತ್ತಿರುತ್ತದಲ್ವಾ ಎಂಬ ಲೆಕ್ಕ. ಇದನ್ನು ಬದಲಾಯಿಸಲು ಅದೇ ಜನರಲ್ ಪುಟದ ತೀರಾ ಕೆಳಗೆ ಹೋಗಿ. ಕಾನ್ಫಿಗ್ ಎಡಿಟರ್ ಎಂಬ ಬಟನ್ ಇದೆ. ಒತ್ತಿ, ಹುಡುಕುವ ಜಾಗದಲ್ಲಿ ಡೇಟ್‌ಫಾರ್ಮ್ಯಾಟ್ ಎಂದು ಇಂಗ್ಲಿಷ್‌ನಲ್ಲಿ ನಡುವೆ ಜಾಗ ಬಿಡದೆ ಟೈಪ್ ಮಾಡಿ. ಮೂರು ಸಾಲು ಬರುತ್ತವೆ. ಕೊನೆಯ ಪದ ನೋಡಿ ಗುರುತಿಸಿ: ಡೀಫಾಲ್ಟ್, ದಿಸ್‌ವೀಕ್, ಟುಡೇ. ಹಳೆಯ ಮೇಲ್‌ಗೆ ಮೊದಲನೆಯದು, ಕಳೆದ ಕೆಲವು ದಿನಗಳ ಮೇಲ್‌ಗೆ ಎರಡನೆಯದು, ಇವತ್ತಿನದಕ್ಕೆ ಮೂರನೆಯದು.

ಮೂರಕ್ಕೂ ಬೆಲೆ ಒಂದೊಂದು ಅಂಕಿ. 0 ಕೊಟ್ಟರೆ ತಾರೀಖಿಲ್ಲ, ಗಂಟೆ ಮಾತ್ರ. 1 ಅಂದರೆ ತಿಂಗಳ ಹೆಸರಿರುವ ಉದ್ದ ರೂಪ. 2 ಅಂದರೆ ಚಿಕ್ಕ ರೂಪ, ನಮಗೆ ಬೇಕಾಗಿರುವುದು ಇದೇ. 3 ಅಂದರೆ ವರ್ಷ ಮತ್ತು ತಿಂಗಳು. 4 ಅಂದರೆ ವಾರದ ಹೆಸರು. ಟುಡೇ ಎದುರು 0 ಇರುತ್ತದೆ, ಅದನ್ನು 2 ಮಾಡಿ. ಮತ್ತೆ ಒಂದು ಸಲ ಮುಚ್ಚಿ ತೆರೆಯಿರಿ. ನಿಮ್ಮ ಎರಡನೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ದಿಸ್‌ವೀಕ್‌ಗೆ ನಾನು 4 ಇಟ್ಟುಕೊಂಡಿದ್ದೇನೆ. ಈ ವಾರದ ಮೇಲ್ ಹುಡುಕುವಾಗ ತಲೆಯಲ್ಲಿ ಇರುವುದು ಮಂಗಳವಾರ ಬಂದಿತ್ತು ಅನ್ನುವ ನೆನಪು, ತಾರೀಖಲ್ಲ. ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಯಾರಿಗಾದರೂ ಕಳಿಸುವ ಅಭ್ಯಾಸ ನಿಮಗಿದ್ದರೆ ಮಾತ್ರ ಇದು ಬೇಡ. ಹದಿನೈದು ದಿನ ಬಿಟ್ಟು ನೋಡಿದರೆ ಯಾವ ಮಂಗಳವಾರ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಆಗ ಹೇಳಿದ ದಾರಿ. ಕಂಪ್ಯೂಟರ್ ಮುಟ್ಟದೆ ಥಂಡರ್‌ಬರ್ಡ್‌ಗೆ ಮಾತ್ರ ನಿಮ್ಮದೇ ಅಚ್ಚು ಕೊಡುವುದು. ಅದೇ ಕಾನ್ಫಿಗ್ ಎಡಿಟರ್‌ನಲ್ಲಿ ಹೊಸ ಹೆಸರೊಂದನ್ನು ನಾವೇ ಸೇರಿಸಬೇಕು. ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಬರೆಯುತ್ತೇನೆ, ನೀವು ಎಲ್ಲವನ್ನೂ ಇಂಗ್ಲಿಷ್ ಚಿಕ್ಕಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ. ಐಎನ್‌ಟಿಎಲ್, ಚುಕ್ಕಿ, ಡೇಟ್, ಅಂಡರ್‌ಸ್ಕೋರ್, ಟೈಮ್, ಚುಕ್ಕಿ, ಪ್ಯಾಟರ್ನ್, ಅಂಡರ್‌ಸ್ಕೋರ್, ಓವರ್‌ರೈಡ್, ಚುಕ್ಕಿ, ಡೇಟ್, ಅಂಡರ್‌ಸ್ಕೋರ್, ಶಾರ್ಟ್. ಓವರ್‌ರೈಡ್ ಒಂದೇ ಪದ. ಟೈಪ್ ಆದ ಮೇಲೆ ಸ್ಟ್ರಿಂಗ್ ಆರಿಸಿ ಪ್ಲಸ್ ಗುರುತು ಒತ್ತಿ. ಬೆಲೆ ಬರೆಯಲು ಖಾಲಿ ಜಾಗ ಸಿಗುತ್ತದೆ.

ಅಲ್ಲಿ ಬರೆಯಬೇಕಾದದ್ದು: ಚಿಕ್ಕ ವೈ ನಾಲ್ಕು ಸಲ, ಅಡ್ಡಗೆರೆ, ದೊಡ್ಡ ಎಂ ಎರಡು ಸಲ, ಅಡ್ಡಗೆರೆ, ಚಿಕ್ಕ ಡಿ ಎರಡು ಸಲ. ಮುಚ್ಚಿ ತೆರೆದರೆ 2025-03-04 ಬರುತ್ತದೆ. ಗಂಟೆಯೂ 24ರ ಲೆಕ್ಕದಲ್ಲಿ ಬೇಕೆಂದರೆ ಇದೇ ಥರ ಇನ್ನೊಂದು ಹೆಸರು ಸೇರಿಸಿ, ಕೊನೆಯಲ್ಲಿ ಮಾತ್ರ ಡೇಟ್ ಬದಲು ಟೈಮ್. ಅದರ ಬೆಲೆ ದೊಡ್ಡ ಎಚ್ ಎರಡು ಸಲ, ಎರಡು ಚುಕ್ಕಿಯ ಕೋಲನ್, ಚಿಕ್ಕ ಎಂ ಎರಡು ಸಲ.

ಚಿಕ್ಕದು ದೊಡ್ಡದು ಎಂದು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ದೊಡ್ಡ ಎಂ ಅಂದರೆ ತಿಂಗಳು, ಚಿಕ್ಕ ಎಂ ಅಂದರೆ ನಿಮಿಷ. ಇದು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ತಿಂಗಳ ಜಾಗದಲ್ಲಿ 47 ಬಂದು ಕೂರುತ್ತದೆ. ದೊಡ್ಡ ಡಿ ಹಾಕಿದರೆ ತಿಂಗಳ ದಿನ ಬರುವುದಿಲ್ಲ, ವರ್ಷದ ಎಷ್ಟನೆಯ ದಿನ ಎಂದು ಬರುತ್ತದೆ. ಮಾರ್ಚ್ 4 ಇದ್ದದ್ದು 63 ಆಗುತ್ತದೆ. ಇದೂ ಕಣ್ಣಿಗೆ ಬೀಳುತ್ತದೆ. ಆದರೆ ಜನವರಿಯಲ್ಲಿ ಪರೀಕ್ಷೆ ಮಾಡಿದರೆ ಬೀಳುವುದಿಲ್ಲ, ಜನವರಿಯಲ್ಲಿ ಎರಡೂ ಒಂದೇ ಅಲ್ವಾ!

ಕೆಟ್ಟದ್ದು ದೊಡ್ಡ ವೈ. ನಾನು ಸಿಕ್ಕಿಬಿದ್ದದ್ದು ಅದರಲ್ಲೇ. ವರ್ಷಕ್ಕೆ ನಾಲ್ಕು ದೊಡ್ಡ ವೈ ಹಾಕಿದ್ದೆ. ನೋಡಲು ಚೆನ್ನಾಗಿತ್ತು, ತಿಂಗಳುಗಟ್ಟಲೆ ಸರಿಯಾಗಿಯೇ ತೋರಿಸಿತು. 2024ರ ಡಿಸೆಂಬರ್ 30ರಂದು ಬೆಳಗ್ಗೆ ತೆರೆದರೆ ಹೊಸ ಮೇಲ್‌ಗಳೆಲ್ಲ 2025-12-30 ಎಂದು ಕೂತಿವೆ. ಒಂದು ವರ್ಷ ಮುಂದೆ! ಮೊದಲು ಕಂಪ್ಯೂಟರ್ ಗಡಿಯಾರ ಕೆಟ್ಟಿದೆ ಅಂದುಕೊಂಡೆ, ಅದು ಸರಿ ಇತ್ತು. ಆಮೇಲೆ ಮೇಲ್ ಸರ್ವರ್ ಮೇಲೆ ಅನುಮಾನ. ಕಂಟ್ರೋಲ್ ಯು ಒತ್ತಿ ನೋಡಿದರೆ ಮೇಲ್‌ನೊಳಗೆ 2024 ಎಂದೇ ಇದೆ. ಅಂದರೆ ತಪ್ಪು ನನ್ನ ಅಚ್ಚಿನಲ್ಲೇ.

ದೊಡ್ಡ ವೈ ಅಂದರೆ ವಾರದ ಲೆಕ್ಕದ ವರ್ಷ. ಆ ವಾರವನ್ನು ಹೊಸ ವರ್ಷದ ಮೊದಲ ವಾರ ಎಂದು ಎಣಿಸಿದರೆ, ಅದರಲ್ಲಿರುವ ಡಿಸೆಂಬರ್‌ನ ದಿನಗಳಿಗೂ ಹೊಸ ವರ್ಷವೇ ಬರುತ್ತದೆ. ವಾರದ ಸಂಖ್ಯೆ ಬರೆಯುವವರಿಗೆ ಅದು ಬೇಕು, ನಮಗೆ ಬೇಡ. ವರ್ಷವಿಡೀ ಸುಮ್ನೆ ಇದ್ದು ಕೊನೆಯ ವಾರದಲ್ಲಿ ಮಾತ್ರ ಕೈ ಕೊಡುವ ತಪ್ಪು ಇದು. ಪ್ರೋಗ್ರಾಮರ್‌ಗಳೂ ಇದೇ ಹಳ್ಳಕ್ಕೆ ಬೀಳುತ್ತಾರೆ ಎಂದು ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಬರೆದ ಮೇಲೆ ವರ್ಷದ ಅಕ್ಷರ ಚಿಕ್ಕದಾಗಿದೆಯೇ ಎಂದು ಇನ್ನೊಮ್ಮೆ ನೋಡಿ. ಬೇಡವೆನಿಸಿದರೆ ಆ ಸಾಲಿನ ಪಕ್ಕದ ಕಸದಬುಟ್ಟಿ ಗುರುತು ಒತ್ತಿದರೆ ಸಾಕು, ಮೊದಲಿನಂತಾಗುತ್ತದೆ.

ನೀವು ಆರಿಸಿಕೊಂಡಿರುವ ರೂಪ ಒಳ್ಳೆಯದೇ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ. ಓದಿದವರಿಗೆ ಯಾವುದು ದಿನ, ಯಾವುದು ತಿಂಗಳು ಎಂಬ ಗೊಂದಲವಿಲ್ಲ. ದಿನ ಮುಂದೆ ಇಟ್ಟು 04/03/2025 ಎಂದು ಮಾಡಿಕೊಂಡಿದ್ದರೆ ನೋಡಲು ಅಭ್ಯಾಸದ್ದು ಅನ್ನಿಸುತ್ತಿತ್ತು, ಆದರೆ ನಿಮ್ಮ ಪಕ್ಕ ಕೂತು ನೋಡುವವರು ಅದನ್ನು ಏಪ್ರಿಲ್ ಎಂದೇ ಓದಬಹುದು.

ಎಲ್ಲ ಮಾಡಿದ ಮೇಲೂ ಕೆಲವು ಮೇಲ್‌ಗಳ ತಾರೀಖು ವಿಚಿತ್ರವಾಗಿದ್ದರೆ ಅದು ರೂಪದ ಸಮಸ್ಯೆಯಲ್ಲ. ಡೇಟ್ ಕಾಲಂ ತೋರಿಸುವುದು ಕಳಿಸಿದವರ ಯಂತ್ರ ಹೇಳಿದ ಸಮಯ. ಆ ಯಂತ್ರದ ಗಡಿಯಾರ ತಪ್ಪಿದ್ದರೆ ಇದೂ ತಪ್ಪು. ಇವತ್ತು ಬಂದ ಮೇಲ್ 1970ರ ಜನವರಿ ಎಂದು ಪಟ್ಟಿಯ ಇನ್ನೊಂದು ತುದಿಗೆ ಹೋಗಿ ಅಡಗಿಕೊಂಡಿರುತ್ತದೆ. ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಸಮಯ ಎಣಿಸಲು ಶುರು ಮಾಡುವ ದಿನ ಅದು. ಇದಕ್ಕೆ ರಿಸೀವ್ಡ್ ಎಂಬ ಬೇರೆ ಕಾಲಂ ಇದೆ, ಅದು ಮೇಲ್ ತಲುಪಿದ ಸಮಯ. ಪಟ್ಟಿಯ ತಲೆಸಾಲಿನ ಬಲತುದಿಯ ಚಿಕ್ಕ ಗುರುತು ಒತ್ತಿ ಅದನ್ನು ತಂದುಕೊಳ್ಳಿ. 2023ರಲ್ಲಿ ಬಂದ 115ನೇ ಆವೃತ್ತಿಯಿಂದ ಪಟ್ಟಿಗೆ ಕಾರ್ಡ್ ರೂಪವೂ ಇದೆ. ಅದರಲ್ಲಿದ್ದರೆ ಕಾಲಂ ಕಾಣುವುದಿಲ್ಲ, ಟೇಬಲ್ ರೂಪಕ್ಕೆ ಬರಬೇಕು.

ಔಟ್‌ಲುಕ್ ಬಗ್ಗೆಯೂ ಒಂದು ಮಾತು, ಇದೇ ಪ್ರಶ್ನೆ ಅಲ್ಲೂ ಬರುತ್ತದೆ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ವ್ಯೂ, ವ್ಯೂ ಸೆಟ್ಟಿಂಗ್ಸ್, ಫಾರ್ಮ್ಯಾಟ್ ಕಾಲಮ್ಸ್ ಎಂದು ಹೋಗಿ ರಿಸೀವ್ಡ್ ಆರಿಸಿದರೆ ರೂಪಗಳ ಪಟ್ಟಿ ಬರುತ್ತದೆ. ಬೆಸ್ಟ್ ಫಿಟ್ ಎಂದಿದ್ದರೆ ಕಾಲಂ ಅಗಲ ಮಾಡಿದಾಗ ಒಂದು ಥರ, ಕಿರಿದು ಮಾಡಿದಾಗ ಇನ್ನೊಂದು ಥರ ಕಾಣುತ್ತದೆ. ಅದರ ಬದಲು ನಿಗದಿ ರೂಪ ಒಂದನ್ನು ಆರಿಸಿ. ದಿನ ಮೊದಲೋ ತಿಂಗಳು ಮೊದಲೋ ಅನ್ನುವುದಕ್ಕೆ ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡುತ್ತದೆ.

ನಿಮ್ಮ ಮೂರನೆಯ ಪ್ರಶ್ನೆ. ಆ ಕಡೆಯವರಿಗೆ ನಿಮ್ಮ ರೂಪ ಕಾಣುವುದಿಲ್ಲ. ಅವರ ಮೇಲ್ ಸಾಫ್ಟ್‌ವೇರ್ ಅದೇ ಡೇಟ್ ಸಾಲನ್ನು ಓದಿ ತನ್ನ ರೀತಿಯಲ್ಲಿ ಹೇಳುತ್ತದೆ. ಒಂದು ಕಡೆ ಮಾತ್ರ ಕಾಣುತ್ತದೆ. ನೀವು ಉತ್ತರ ಬರೆಯುವಾಗ ಹಳೆಯ ಮೇಲ್‌ನ ಮೇಲೆ ಇಂಥ ದಿನ, ಇಂಥ ಗಂಟೆಗೆ, ಇಂಥವರು ಬರೆದರು ಎಂದು ಥಂಡರ್‌ಬರ್ಡ್ ಒಂದು ಸಾಲು ಹಾಕುತ್ತದಲ್ಲ, ಅದು ಬರೀ ಅಕ್ಷರ. ನಿಮ್ಮ ಕಂಪ್ಯೂಟರ್ ಬರೆದ ರೂಪದಲ್ಲೇ ಹೋಗುತ್ತದೆ. ಇಷ್ಟು ದಿನ ಅವರಿಗೆ 3/4/2025 ಎಂದು ಹೋಗುತ್ತಿತ್ತು, ಇನ್ನು ಮೇಲೆ 2025-03-04 ಎಂದು ಹೋಗುತ್ತದೆ.