ಈಗಲ್ ಅರ್ಜಿಯ ಒಂದು ಪುಟ ಮತ್ತು ಮಾತು ಬಿಟ್ಟ ಅಪ್ಪ-ಮಗ

ಹುಡುಗನನ್ನು ನಿಶಾಂತ್ ಎಂದು ಕರೆಯೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನೂ ಮನೆಯವರೂ ಒಪ್ಪಿದ್ದಾರೆ.

ವಯಸ್ಸು 17. ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಪ್ಪ, ಅಮ್ಮ ಶಿವಮೊಗ್ಗ ಕಡೆಯವರು, ಈಗ ಮನೆ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಸಲಹೆ ಕೇಳಿ ನನಗೆ ಮೊದಲು ಫೋನ್ ಮಾಡಿದವರು ಅಮ್ಮ. "ಮೇಡಂ, ಬರೀಬೇಕಾಗಿರೋದು ಒಂದೇ ಒಂದು ಪುಟ. ಅದಕ್ಕೋಸ್ಕರ ಅಪ್ಪ ಮಗ ಮಾತು ಬಿಟ್ಟಿದ್ದಾರೆ" ಎಂದರು.

ಯಾವ ಪುಟ ಅಂತ ಮೊದಲು ಹೇಳಬೇಕು. ನಮ್ಮೂರಿನ ಶಾಲೆಗಳಲ್ಲಿ ಸ್ಕೌಟ್ ಮಕ್ಕಳು ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಓಡಾಡುತ್ತಾರಲ್ಲ, ಹಾಗೆ ಅಮೆರಿಕದ ಸ್ಕೌಟ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದು ಈಗಲ್ ಸ್ಕೌಟ್. 1912ರಿಂದ ಕೊಡುತ್ತಿದ್ದಾರೆ. 2019ರಿಂದ ಹುಡುಗಿಯರೂ ಸೇರಬಹುದು. 2025ರಲ್ಲಿ 'ಬಾಯ್ ಸ್ಕೌಟ್ಸ್ ಆಫ್ ಅಮೆರಿಕ' ಎಂಬ ಸಂಸ್ಥೆಯ ಹೆಸರೇ 'ಸ್ಕೌಟಿಂಗ್ ಅಮೆರಿಕ' ಎಂದಾಯಿತು. ಒಂದೊಂದು ವಿಷಯ ಕಲಿತು ಮಾಡಿದ್ದಕ್ಕೆ ಕೊಡುವ ಮೆರಿಟ್ ಬ್ಯಾಡ್ಜ್ 21 ಗಳಿಸಬೇಕು, ಟ್ರೂಪ್‌ನಲ್ಲಿ, ಅಂದರೆ ತನ್ನ ಸ್ಕೌಟ್ ದಳದಲ್ಲಿ, ಜವಾಬ್ದಾರಿ ಹೊರಬೇಕು, ಊರಿಗೋ ಶಾಲೆಗೋ ದೇವಸ್ಥಾನಕ್ಕೋ ಉಪಯೋಗವಾಗುವ ಒಂದು ಕೆಲಸವನ್ನು ತಾನೇ ಮುಂದೆ ನಿಂತು ಮಾಡಿಸಬೇಕು. ಇದೆಲ್ಲ 18 ತುಂಬುವುದರೊಳಗೆ. ಆಮೇಲೆ ಅರ್ಜಿಯ ಜೊತೆ ತನ್ನ ಆಸೆಗಳೇನು, ಬದುಕಿನ ಗುರಿ ಏನು ಎಂದು ಬರೆದು ಲಗತ್ತಿಸಬೇಕು. ಅದನ್ನು ಓದಿಕೊಂಡು ಕೆಲವು ಹಿರಿಯರು 'ಬೋರ್ಡ್ ಆಫ್ ರಿವ್ಯೂ'ದಲ್ಲಿ ಎದುರು ಕೂರಿಸಿ ಮಾತಾಡಿಸುತ್ತಾರೆ.

ನಿಶಾಂತ್ ಉಳಿದದ್ದನ್ನೆಲ್ಲ ಮುಗಿಸಿದ್ದ. ಹುಟ್ಟುಹಬ್ಬಕ್ಕೆ ಕೆಲವೇ ವಾರ ಇತ್ತು. ಆ ಪುಟ ಮಾತ್ರ ಖಾಲಿ.

ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ. ಅಪ್ಪ ಒಂದು ರಾತ್ರಿ ಕೂತು ತಾವೇ ಬರೆದುಬಿಟ್ಟಿದ್ದರು. ಚಿಕ್ಕಂದಿನಿಂದ ವೈದ್ಯನಾಗುವ ಆಸೆ, ಬಡವರ ಸೇವೆ, ಹೃದಯರೋಗದ ಸಂಶೋಧನೆ. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಮಗ ಒಂದು ಸಲ ಓದಿ, "ಇದು ನಾನಲ್ಲ" ಎಂದು ಹಿಂದಕ್ಕೆ ಕೊಟ್ಟ. "ಹಾಗಾದ್ರೆ ನೀನ್ಯಾರು, ಅದನ್ನಾದ್ರೂ ಬರಿ" ಎಂದರಂತೆ ಅಪ್ಪ. ಅಲ್ಲಿಗೆ ಮಾತು ನಿಂತಿತು.

ಮೊದಲ ಭೇಟಿಯಲ್ಲಿ ನಾನು ಆ ಪುಟದ ವಿಷಯ ಎತ್ತಲೇ ಇಲ್ಲ. ಈ ವಯಸ್ಸಿನವರು "ಮುಂದೆ ಏನೂ ಕಾಣ್ತಿಲ್ಲ" ಎಂದರೆ ಅದು ಬರವಣಿಗೆಯ ಸಮಸ್ಯೆಯೇ ಆಗಿರಬೇಕಿಲ್ಲ. ನಿದ್ದೆ, ಊಟ, ಗೆಳೆಯರು, ಇಷ್ಟದ ಆಟ ಬಿಟ್ಟಿದ್ದಾನಾ ಎಂದು ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತಾ ಎಂದೂ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಸುಮಾರು ಪೋಷಕರಿಗಿದೆ. ಹಾಗಾಗುವುದಿಲ್ಲ. ನಿಶಾಂತ್ ನಕ್ಕು, "ಇಲ್ಲ ಆಂಟಿ, ಬರೆದು ಬರೆದು ಸುಸ್ತಾಗಿದೆ ಅಷ್ಟೇ" ಎಂದ.

ಆ 'ಸುಸ್ತು' ಎಲ್ಲಿಂದ ಬಂತು ಎಂದು ಕೆದಕಿದಾಗ ವಿಷಯ ಹೊರಗೆ ಬಂತು. ಆಗ ಅಕ್ಟೋಬರ್. ಹನ್ನೆರಡನೇ ತರಗತಿ ಮಕ್ಕಳೆಲ್ಲ ಕಾಲೇಜು ಅರ್ಜಿಗಳಲ್ಲಿ ಮುಳುಗಿರುವ ಸಮಯ. ಎಲ್ಲ ಕಾಲೇಜುಗಳಿಗೂ ಕಳಿಸುವ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ. ಅದರ ಮೇಲೆ ಒಂದೊಂದು ಕಾಲೇಜಿಗೂ 'ನಮ್ಮಲ್ಲೇ ಯಾಕೆ' ಎಂಬ ಬೇರೆ ಪ್ರಬಂಧ. ಅವೆಲ್ಲದರಲ್ಲೂ ಅವನು ಡಾಕ್ಟರ್ ಆಗುವ ಕತೆಯನ್ನೇ ಹೇಳಿದ್ದ, ಅದೂ ಮನೆಯವರ ತಿದ್ದುಪಡಿಯೊಂದಿಗೆ. "ಆ ಕಾಲೇಜಿನವರು ನನ್ನನ್ನ ನೋಡೇ ಇಲ್ಲ, ನಡೆಯುತ್ತೆ. ಟ್ರೂಪ್‌ನವರು ನಾನು ಹನ್ನೊಂದು ವರ್ಷದವನಿದ್ದಾಗ ಟೆಂಟ್ ಒಳಗೆ ಅತ್ತಿದ್ದನ್ನ ನೋಡಿದ್ದಾರೆ. ಅವರ ಮುಂದೆ ಹೇಗೆ ಸುಳ್ಳು ಹೇಳಲಿ?" ಎಂದ.

ಸ್ಕೌಟ್ ನಿಯಮದಲ್ಲಿ ಹನ್ನೆರಡು ಗುಣಗಳಿವೆ. ಮೊದಲನೆಯದೇ ನಂಬಿಕೆಗೆ ಅರ್ಹನಾಗಿರುವುದು. ಆರೇಳು ವರ್ಷ ಪ್ರತಿ ಮೀಟಿಂಗ್‌ನಲ್ಲಿ ಮೂರು ಬೆರಳೆತ್ತಿ ಅದನ್ನು ಹೇಳಿದ ಹುಡುಗ, ಕೊನೆಯ ಕಾಗದದಲ್ಲಿ ಅದಕ್ಕೇ ಅಂಟಿಕೊಂಡ. ಇದನ್ನು ಅಪ್ಪ ಸೋಮಾರಿತನ ಅಂದುಕೊಂಡಿದ್ದರು. ನನಗೇನೋ ಸ್ಕೌಟಿಂಗ್‌ನಿಂದ ಅವನಿಗೆ ಸಿಕ್ಕ ದೊಡ್ಡ ಲಾಭ ಇದೇ ಎನ್ನಿಸಿತು.

ಅಪ್ಪನ ಜೊತೆ ಬೇರೆಯಾಗಿ ಕೂತೆ. ಒಳ್ಳೆಯ ಮನುಷ್ಯ, ಗಾಬರಿ ಜಾಸ್ತಿ. "ಬೋರ್ಡ್ ಮುಂದೆ ಹೋಗಿ ನಂಗೊತ್ತಿಲ್ಲ ಅಂದ್ರೆ ಫೇಲ್ ಮಾಡಲ್ವಾ ಮೇಡಂ?" ಇದು ಪರೀಕ್ಷೆ ಅಲ್ಲ ಎಂದು ವಿವರಿಸಿದೆ. ಕಾಲೇಜು ಪ್ರಬಂಧ ಸಾವಿರಾರು ಅರ್ಜಿಗಳ ನಡುವೆ ಎದ್ದು ಕಾಣಬೇಕು, ಅಲ್ಲಿ ಪೈಪೋಟಿ ಇದೆ. ಈಗಲ್‌ಗೆ ಸೀಟುಗಳ ಲೆಕ್ಕವಿಲ್ಲ, ಪಕ್ಕದ ಹುಡುಗನನ್ನು ಸೋಲಿಸಬೇಕಿಲ್ಲ. ಆ ಪುಟ ಇರುವುದು ಎದುರಿಗೆ ಕೂತವರು ಎಲ್ಲಿಂದ ಮಾತು ಶುರು ಮಾಡಬಹುದು ಎಂದು ತಿಳಿಯಲಿಕ್ಕೆ. ಅಪ್ಪ ಬರೆದದ್ದನ್ನೇ ಕೊಟ್ಟಿದ್ದರೆ ಮೊದಲ ಪ್ರಶ್ನೆ ಹೃದಯರೋಗದ ಬಗ್ಗೆ ಬರುತ್ತಿತ್ತು. ಆಗ ಆ ರೂಮಿನಲ್ಲಿ ಅಪ್ಪ ಇರುವುದಿಲ್ಲ, ಅಲ್ವಾ? ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ನಿಶಾಂತ್‌ಗೆ ನಾನು ಹೇಳಿದ್ದು ಒಂದೇ. ಮುಂದಿನ ಇಪ್ಪತ್ತು ವರ್ಷದ ಬಗ್ಗೆ ಯೋಚಿಸಬೇಡ, ಹಿಂದಿನ ಎರಡು ವರ್ಷ ನೆನಪಿಸಿಕೋ. ಯಾರೂ ಹೇಳದೆ ಇದ್ದಾಗ ನೀನಾಗಿ ಏನು ಮಾಡಿದೆ? ಯಾವ ಕೆಲಸದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ? ಸ್ಕೌಟ್ ಮಕ್ಕಳ ಬಳಿ ಇದಕ್ಕೆ ಸರಕು ಬೇಕಾದಷ್ಟಿರುತ್ತದೆ. ಫ್ಯಾಮಿಲಿ ಲೈಫ್ ಬ್ಯಾಡ್ಜ್‌ಗೆ 90 ದಿನ ಮನೆಗೆಲಸದ ಲೆಕ್ಕ ಇಡಬೇಕು, ಕ್ಯಾಂಪಿಂಗ್‌ಗೆ 20 ರಾತ್ರಿ ಹೊರಗೆ ಕಳೆಯಬೇಕು, ಪ್ರಾಜೆಕ್ಟ್‌ಗಂತೂ ದಪ್ಪ ವರದಿಯೇ ಇರುತ್ತದೆ. ಅದನ್ನೆಲ್ಲ ತಂದು ಟೇಬಲ್ ಮೇಲೆ ಹರಡು ಎಂದೆ.

ಅವನ ಪ್ರಾಜೆಕ್ಟ್ ದೇವಸ್ಥಾನಕ್ಕೆ ಚಪ್ಪಲಿ ಸ್ಟ್ಯಾಂಡ್ ಮಾಡಿಸಿದ್ದು. "ಅದೇನು ದೊಡ್ಡದಲ್ಲ, ಇಂಡಿಯನ್ ಹುಡುಗರು ಸುಮಾರು ಜನ ಅದೇ ಮಾಡ್ತಾರೆ" ಎಂದು ತಳ್ಳಿಹಾಕಿದ. ವರದಿಯ ಚಿತ್ರದಲ್ಲಿ ಸ್ಟ್ಯಾಂಡ್ ಪಕ್ಕ ಒಂದು ಬೆಂಚು ಕಂಡಿತು. ಮೊದಲ ನಕ್ಷೆಯಲ್ಲಿ ಅದು ಇರಲಿಲ್ಲ. ಯಾಕೆ ಸೇರಿಸಿದೆ ಎಂದೆ.

ಆಗ ಬಾಯಿ ಬಿಟ್ಟ. ಅಜ್ಜಿ ಆರು ತಿಂಗಳಿಗೆಂದು ಊರಿನಿಂದ ಬಂದಿದ್ದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಚ್ಚಲು ಬಗ್ಗಲಾರದೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಒಂದು ಭಾನುವಾರ ಅವನು ಸುಮ್ನೆ ಬಾಗಿಲ ಹತ್ತಿರ ಕೂತು ನೋಡಿದ. ಹಾಗೆ ಗೋಡೆ ಹಿಡಿಯುವ ಅಜ್ಜ-ಅಜ್ಜಿಯರು ಸಾಲು ಸಾಲಾಗಿ ಬಂದರು. ಮನೆಗೆ ಬಂದು ಅಜ್ಜಿಯನ್ನು ಬೇರೆ ಬೇರೆ ಎತ್ತರದ ಕುರ್ಚಿ, ಡಬ್ಬಗಳ ಮೇಲೆ ಕೂರಿಸಿ, ಯಾವುದರಿಂದ ಏಳಲು ಸುಲಭ ಎಂದು ಟೇಪ್ ಹಿಡಿದು ಅಳೆದ. ನಕ್ಷೆ ಬದಲಿಸಿದ. ಮರ ಜಾಸ್ತಿ ಬೇಕಾಯಿತು, ಅದಕ್ಕೆ ಇನ್ನಷ್ಟು ದುಡ್ಡು ಕೂಡಿಸಿದ. ಚಿಕ್ಕ ಹುಡುಗರನ್ನು ಎರಡು ಗುಂಪು ಮಾಡಿ ಮರ ಉಜ್ಜಿಸಿದ. ಈ ಕತೆ ಹೇಳುವಾಗ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಇಷ್ಟೂ ಸಂಗತಿ ಯಾವ ಕಾಲೇಜು ಪ್ರಬಂಧದಲ್ಲೂ ಇರಲಿಲ್ಲ!

"ಇದನ್ನೇ ಬರಿ" ಎಂದೆ. "ಇದು ಗುರಿ ಅಲ್ವಲ್ಲ ಆಂಟಿ?" ಎಂದ. ಓದುವವರಿಗೆ ನೀನು ಯಾವುದನ್ನು ಗಮನಿಸುವವನು ಎಂದು ಗೊತ್ತಾದರೆ, ಮುಂದೆ ಯಾವ ದಿಕ್ಕಿಗೆ ಹೋಗಬಹುದು ಎನ್ನುವುದೂ ಗೊತ್ತಾಗುತ್ತದೆ ಎಂದೆ. ಉದ್ಯೋಗದ ಹೆಸರು ಬರೆಯಲೇಬೇಕು ಅಂತಿಲ್ಲ. 'ಇನ್ನೂ ಗೊತ್ತಿಲ್ಲ' ಎಂದಷ್ಟೇ ಬರೆದು ಬಿಟ್ಟರೆ ಮಾತ್ರ ಕೈ ತೊಳೆದುಕೊಂಡ ಹಾಗಿರುತ್ತದೆ. ಅದರ ಪಕ್ಕದಲ್ಲೇ, ತಿಳಿದುಕೊಳ್ಳಲು ಬರುವ ವರ್ಷ ಏನೇನು ಮಾಡಿ ನೋಡುತ್ತೀಯ ಎಂದು ಬರಿ ಎಂದೆ. ಅವನು ಎರಡು ಬರೆದ. ಕಟ್ಟಡ ವಿನ್ಯಾಸದ ಒಂದು ಕೋರ್ಸ್ ತೆಗೆದುಕೊಳ್ಳುವುದು, ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಬೇಸಿಗೆ ರಜೆಯಲ್ಲಿ ಕೆಲಸ ಮಾಡುವುದು.

ಅಪ್ಪನಿಗೆ ಕೊಟ್ಟ ಸಲಹೆ ಕಹಿಯಾಗಿತ್ತು. ಮಗ ಕರೆಯುವ ತನಕ ಆ ಪುಟ ಮುಟ್ಟಬೇಡಿ. ಕರೆದರೆ ಕಾಗುಣಿತದ ತಪ್ಪು ಮಾತ್ರ ತೋರಿಸಿ. ಸಹಾಯ ಮಾಡಲೇಬೇಕು ಅನ್ನಿಸಿದರೆ ಒಂದು ಪ್ರಶ್ನೆ ಕೇಳಿ, ಅವನ ಉತ್ತರಕ್ಕೆ ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಅಮ್ಮನಿಗೆ, ಇಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ಇವತ್ತೇ ಬಿಡಿ ಎಂದೆ. ಅವರಿಗೆ ಇದು ಎಷ್ಟು ಹಗುರವಾಯಿತೋ, ಫೋನಿನಲ್ಲೇ ಜೋರಾಗಿ ಉಸಿರು ಬಿಟ್ಟರು. ಎಐಗೆ ಹೇಳಿ ಬರೆಸಿದರೆ ಹೇಗೆ ಎಂದೂ ಅಪ್ಪ ಒಮ್ಮೆ ಕೇಳಿದ್ದರು. ಅಪ್ಪ ಬರೆದರೂ ಕಂಪ್ಯೂಟರ್ ಬರೆದರೂ ಆ ಹುಡುಗನ ತಕರಾರು ಒಂದೇ ಆಗಿತ್ತು.

ಪುಟ ಹುಟ್ಟುಹಬ್ಬಕ್ಕೆ ಮುಂಚೆಯೇ ಅರ್ಜಿಯ ಜೊತೆ ಹೋಯಿತು. ಬೋರ್ಡ್‌ನಲ್ಲಿ ಜಾಸ್ತಿ ಹೊತ್ತು ಬೆಂಚಿನ ಮೇಲೇ ಮಾತಾಯಿತಂತೆ, ಅದರ ಎತ್ತರ ಹೇಗೆ ಗೊತ್ತು ಮಾಡಿದೆ ಅಂತ. ಈಗಲ್ ಬಂತು. ಅಪ್ಪನಿಗೆ ಮಗ ಮೆಡಿಕಲ್ ಓದಬೇಕೆಂಬ ಆಸೆ ಇನ್ನೂ ಹಾಗೇ ಇದೆ. ಮಗ ಅದಕ್ಕೆ ಹೂಂ ಅಂದಿಲ್ಲ, ಕಾಲೇಜಿಗೆ ಕಳಿಸಿದ ಅರ್ಜಿಗಳೂ ಡಾಕ್ಟರ್ ಕತೆಯನ್ನೇ ಹೊತ್ತುಕೊಂಡು ಹೋಗಿವೆ. ಅದನ್ನು ಮಾತಾಡಲು ಮೂವರೂ ಒಟ್ಟಿಗೆ ಬನ್ನಿ ಎಂದು ಹೇಳಿದ್ದೇನೆ. ಅಪ್ಪ ಇನ್ನೂ ದಿನ ತಿಳಿಸಿಲ್ಲ.